ನುಡಿ ಕಡತ, ಲಕ್ಷ ಪುಟ, ಒಂದು ಡೆಸ್ಕ್‌ಟಾಪ್: ತುಮಕೂರಿನ ಸಹಕಾರ ಸಂಘವೊಂದರ ಪ್ರಕರಣ

ತುಮಕೂರಿನ ಒಂದು ಪತ್ತಿನ ಸಹಕಾರ ಸಂಘ. ಹೆಸರು ಬೇಡ. ಪ್ರಧಾನ ಕಚೇರಿ ನಗರದಲ್ಲಿ, ಶಾಖೆಗಳು ಗುಬ್ಬಿ ಮತ್ತು ತಿಪಟೂರಿನಲ್ಲಿ. ಸದಸ್ಯರಲ್ಲಿ ತೆಂಗಿನ ತೋಟದವರೇ ಜಾಸ್ತಿ. ಕೊಬ್ಬರಿ ರೇಟು ಬಿದ್ದ ವರ್ಷ ಸಾಲದ ಅರ್ಜಿಗಳ ಕಟ್ಟು ದಪ್ಪ ಆಗುತ್ತದೆ, ಏರಿದ ವರ್ಷ ತೀರುವಳಿ ಪತ್ರಗಳ ಕಟ್ಟು ದಪ್ಪ ಆಗುತ್ತದೆ. ಹೇಗೆ ನೋಡಿದರೂ ಕಾಗದ ಕಮ್ಮಿ ಆಗುವ ಮಾತೇ ಇಲ್ಲ.

ಆಡಳಿತ ಮಂಡಳಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಕಡತಗಳನ್ನು ಪರಿವರ್ತಿಸುವ ಸಾಫ್ಟ್‌ವೇರನ್ನು ಕ್ಲೌಡಿನಲ್ಲಿ (ಇಂಟರ್ನೆಟ್ ಮೂಲಕ ಬೇರೆಯವರ ಸರ್ವರಿನಲ್ಲಿ) ತಗೊಳ್ಳೋಣವಾ, ಆಫೀಸಿನ ಮೆಷಿನ್ನಿಗೇ ಹಾಕಿಸೋಣವಾ? ಎರಡು ಕೊಟೇಶನ್ ಮೇಜಿನ ಮೇಲಿದ್ದವು. ಒಂದು ಕ್ಲೌಡಿನದು: ಪುಟಕ್ಕಿಷ್ಟು ಎಂದು ದುಡ್ಡು, ಸರ್ವರ್ ಗಿರ್ವರ್ ಏನೂ ಬೇಡ. ಇನ್ನೊಂದರಲ್ಲಿ ಸರ್ವರಿಗೆ ಒಂದು ಲೈಸೆನ್ಸ್, ಮೇಲೆ ಪ್ರತಿ ವರ್ಷ ನಿರ್ವಹಣೆ ಶುಲ್ಕ. ಎರಡಕ್ಕೂ ಶೇ 18 ಜಿಎಸ್‌ಟಿ. ಮಂಡಳಿಯಲ್ಲಿ ಅರ್ಧ ಜನ ಅಗ್ಗದ ಪಕ್ಷ, ಅಂದರೆ ಕ್ಲೌಡಿನ ಕಡೆ. ಉಳಿದರ್ಧ ‘ಸದಸ್ಯರ ಕಾಗದ ಹೊರಗೆ ಹೋಗಬಾರದು’ ಎನ್ನುವ ಪಕ್ಷ. ಇಬ್ಬರ ಮಾತಿನಲ್ಲೂ ಹುರುಳಿತ್ತು. ಆದರೆ ಕಡತಗಳನ್ನು ತೆರೆದು ಒಳಗೆ ಯಾವ ಥರದ ಕನ್ನಡ ಇದೆ ಅಂತ ಯಾರೂ ನೋಡಿರಲಿಲ್ಲ.

ನೋಡಿದ ಮೇಲೆ ಪ್ರಶ್ನೆ ಮೂರು ಹೋಳಾಯಿತು.

ಮೊದಲನೆಯದು ದಿನನಿತ್ಯದ ಕೆಲಸ. ನೋಟಿಸು, ಸಭೆಯ ನಡಾವಳಿ, ಸಾಲ ಮಂಜೂರಾತಿ ಪತ್ರ, ಎಲ್ಲವೂ ವರ್ಡ್ ಕಡತಗಳು. ಇವನ್ನು ಪಿಡಿಎಫ್ ಮಾಡಿ ಶಾಖೆಗಳಿಗೆ ಕಳಿಸಬೇಕು. ಎರಡನೆಯದು ಹಳೆಯ ವರ್ಡ್ ಕಡತಗಳ ರಾಶಿ. ನಡಾವಳಿ, ಬೈಲಾ ತಿದ್ದುಪಡಿ, ವಾರ್ಷಿಕ ವರದಿ, ಎಲ್ಲ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಅವು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ, ಆಗಬೇಕು, ಇಲ್ಲದಿದ್ದರೆ ಹುಡುಕಿದರೆ ಸಿಗುವುದಿಲ್ಲ. ಮೂರನೆಯದು ಕಾಗದ. ಸ್ಕ್ಯಾನ್ ಮಾಡಿದ, ಮಾಡಬೇಕಾದ ಸಾಲದ ಕಡತಗಳು, ಒಟ್ಟು ಒಂದು ಲಕ್ಷ ಪುಟದ ಆಸುಪಾಸು. ಕೊಟೇಶನ್ ಕೊಟ್ಟ ಇಬ್ಬರೂ ಈ ಮೂರಕ್ಕೂ ‘ಡಾಕ್ಯುಮೆಂಟ್ ಕನ್ವರ್ಷನ್’ ಎಂಬ ಒಂದೇ ಹೆಸರು ಹಾಕಿದ್ದರು.

ನಡುವೆ ಇನ್ನೊಂದು ವಿಷಯ ಹೊರಬಿತ್ತು. ಮಂಡಳಿ ಚರ್ಚೆ ಮಾಡುತ್ತಾ ಕೂತಿದ್ದಾಗ ಶಾಖೆಗಳು ತಮ್ಮಷ್ಟಕ್ಕೆ ಕ್ಲೌಡಿಗೆ ಹೋಗಿಯೇ ಬಿಟ್ಟಿದ್ದವು. ಪಿಡಿಎಫನ್ನು ವರ್ಡ್ ಮಾಡಬೇಕಾದರೆ ಗುಮಾಸ್ತರು ಗೂಗಲ್‌ನಲ್ಲಿ ಹುಡುಕಿ, ಮೊದಲು ಸಿಕ್ಕಿದ ಉಚಿತ ಸೈಟಿಗೆ ಕಡತ ಹಾಕುತ್ತಿದ್ದರು. ಅದರಲ್ಲಿ ಆಧಾರ್ ಪ್ರತಿ, ಪ್ಯಾನ್, ಪಹಣಿ, ಜಾಮೀನುದಾರರ ಸಹಿ, ಎಲ್ಲ ಇರುತ್ತಿತ್ತು. ಅವರನ್ನು ಬೈದು ಪ್ರಯೋಜನ ಇಲ್ಲ. ಕೌಂಟರಿನ ಮುಂದೆ ಜನ ನಿಂತಿರುತ್ತಾರೆ, ಆಫೀಸು ಬೇರೆ ದಾರಿ ಕೊಟ್ಟಿರಲಿಲ್ಲ. ಆದರೆ ಇಂಥ ಸೈಟುಗಳ ಅಪಾಯ ಬರೀ ಊಹೆಯಲ್ಲ. 2025ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ ಇದರ ಬಗ್ಗೆಯೇ ಎಚ್ಚರಿಕೆ ಹೊರಡಿಸಿತು. ಉಚಿತ ಪರಿವರ್ತಕಗಳ ಹೆಸರಿನಲ್ಲಿ ವಂಚಕರು ಮಾಲ್‌ವೇರ್ ತುಂಬುತ್ತಾರೆ, ಹಾಕಿದ ಕಡತದೊಳಗಿನ ವಿವರಗಳನ್ನೂ ಕೆರೆದುಕೊಳ್ಳುತ್ತಾರೆ ಅಂತ. ಹಾಗಾಗಿ ಹೋಲಿಕೆ ಕ್ಲೌಡಿಗೂ ಸ್ವಂತ ಮೆಷಿನ್ನಿಗೂ ಮಾತ್ರ ಅಲ್ಲ. ಮೂರನೇ ಸ್ಪರ್ಧಿ ಆಗಲೇ ಗೆದ್ದು ಕೂತಿತ್ತು. ನಾವು ಏನೇ ತಂದರೂ ಅದು ಈ ಉಚಿತ ಸೈಟಿನಷ್ಟು ಸಲೀಸಾಗಿ ಇರಬೇಕು, ಇಲ್ಲದಿದ್ದರೆ ಯಾರೂ ಬಳಸುವುದಿಲ್ಲ.

ನುಡಿಯ ಗಂಟು

ಯಾವ ಕಂಪನಿಯ ಬ್ರೋಷರಿನಲ್ಲೂ ಇಲ್ಲದ ತಲೆನೋವು ಇದು. ಕರ್ನಾಟಕದ ಯಾವ ಆಫೀಸಿನ ಕಪಾಟು ತೆಗೆದರೂ ಇದೇ ಸಿಗುತ್ತದೆ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಹಳೆಯ ನುಡಿ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತ ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಕನ್ನಡ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟ್ ಅದು. ತಲೆಕಟ್ಟು ಒಂದು ತುಂಡು, ಕೊಂಬು ಒಂದು ತುಂಡು, ಒತ್ತು ಇನ್ನೊಂದು ತುಂಡು. ಫಾಂಟ್ ಇರುವ ಮೆಷಿನ್ನಿನಲ್ಲಿ ಎಲ್ಲ ಸರಿ ಕಾಣುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಜಾಗ ಸಿಕ್ಕಿದ್ದು 1991ರಲ್ಲೇ. ಆದರೆ ನಮ್ಮ ಆಫೀಸುಗಳ ಅಭ್ಯಾಸ ಬದಲಾಗಲು ಇಪ್ಪತ್ತು ವರ್ಷ ಸಾಲಲಿಲ್ಲ.

ಕ್ಲೌಡ್ ಸೇವೆಯ ಟ್ರಯಲ್ ಖಾತೆಗೆ ಒಂದು ಹಳೆಯ ನೋಟಿಸನ್ನು ಹಾಕಿ ಪಿಡಿಎಫ್ ಕೇಳಿದೆವು. ಬಂದ ಪಿಡಿಎಫಿನಲ್ಲಿ ಸಂಘದ ಲೋಗೋ ಸರಿಯಾಗಿತ್ತು, ಕೋಷ್ಟಕದ ಗೆರೆಗಳು ಸರಿಯಾಗಿದ್ದವು, ಕನ್ನಡ ಒಂದಕ್ಷರ ಇರಲಿಲ್ಲ. ಇದ್ದದ್ದು ತಲೆ ಮೇಲೆ ಗೀಟು, ಚುಕ್ಕಿ ಹೊತ್ತ ಯುರೋಪಿನ ಅಕ್ಷರಗಳು. ಕಾರಣ ಸರಳ. ನುಡಿ ಫಾಂಟ್ ಅವರ ಸರ್ವರಿನಲ್ಲಿ ಇಲ್ಲ. ಫಾಂಟ್ ಸಿಗದಿದ್ದರೆ ಸರ್ವರ್ ಕೈಗೆ ಸಿಕ್ಕ ಬೇರೊಂದು ಫಾಂಟ್ ಹಾಕುತ್ತದೆ. ವರ್ಡ್‌ನಲ್ಲಿ ಫಾಂಟನ್ನು ಕಡತದೊಳಗೇ ಸೇರಿಸಿ ಉಳಿಸುವ ಆಯ್ಕೆ ಇದೆ, ನಿಜ. ಹಳೆಯ ಕಡತಗಳನ್ನು ಯಾರೂ ಹಾಗೆ ಉಳಿಸಿಲ್ಲ. ಸ್ವಂತ ಮೆಷಿನ್ನಿನಲ್ಲಿ ಇದೇ ಕೆಲಸಕ್ಕೆ ನುಡಿ ಫಾಂಟುಗಳನ್ನು ಒಂದು ಸಲ ಇನ್‌ಸ್ಟಾಲ್ ಮಾಡಿದರೆ ಮುಗಿಯಿತು. ದಿನನಿತ್ಯದ ಪಿಡಿಎಫ್ ಕೆಲಸದಲ್ಲಿ ಸ್ವಂತ ಮೆಷಿನ್ ಗೆದ್ದದ್ದು ಗೋಪ್ಯತೆಯಿಂದಲೂ ಅಲ್ಲ, ದುಡ್ಡಿನಿಂದಲೂ ಅಲ್ಲ, ಈ ಫಾಂಟಿನಿಂದ.

ಯೂನಿಕೋಡ್‌ಗೆ ಬದಲಾಯಿಸುವುದು ಇನ್ನೂ ನಾಜೂಕು. ಈ ತುಂಡಿಗೆ ಈ ಅಕ್ಷರ ಎಂದು ಪಟ್ಟಿ ಮಾಡಿ ಬದಲಿಸಿದರೆ ಸಾಕಲ್ವಾ ಅನಿಸುತ್ತದೆ. ಸಾಲದು. ‘ಕಾರ್ಯದರ್ಶಿ’ ಎನ್ನುವ ಪದ ತೆಗೆದುಕೊಳ್ಳಿ. ಸಂಘದ ಪ್ರತಿ ಪತ್ರದ ಕೊನೆಯಲ್ಲೂ ಇರುವ ಪದ. ನಾವು ಅರ್ಕಾವತ್ತನ್ನು ಬರೆಯುವುದು ಅಕ್ಷರ ಆದ ಮೇಲೆ: ಯ ಬರೆದು ಅದರ ಪಕ್ಕ ಅರ್ಕ. ನುಡಿ ಕಡತದಲ್ಲಿ ತುಂಡುಗಳು ಇದೇ ಕ್ರಮದಲ್ಲಿ ಕೂತಿರುತ್ತವೆ. ಯೂನಿಕೋಡ್ ಉಚ್ಚಾರದ ಕ್ರಮ ಕೇಳುತ್ತದೆ: ಮೊದಲು ರ್, ಆಮೇಲೆ ಯ. ಪರಿವರ್ತಕ ಈ ಜಾಗ ಅದಲುಬದಲು ಮಾಡದಿದ್ದರೆ ಸಿಗುವುದು ‘ಕಾಯರ್ದಶಿರ್’. ‘ಕಾರ್ಯದರ್ಶಿ’ ಅಂತ ಹುಡುಕಿದವರಿಗೆ ಈ ಕಡತ ಯಾವತ್ತೂ ಸಿಗುವುದಿಲ್ಲ. ಕನ್ನಡದ ಒಳ್ಳೆಯ ಪರಿವರ್ತಕಗಳು ಇದನ್ನು ಸರಿಯಾಗಿ ಮಾಡುತ್ತವೆ. ಮುಕ್ತ ತಂತ್ರಾಂಶವಾಗಿ, ಅಂದರೆ ಯಾರು ಬೇಕಾದರೂ ದುಡ್ಡಿಲ್ಲದೆ ಬಳಸುವ ಹಾಗೆ, ಸಿಗುವಂಥವೂ ಇವೆ, ಆಫೀಸಿನ ಮೆಷಿನ್ನಿನಲ್ಲೇ ಓಡುತ್ತವೆ.

ಇನ್ನೊಂದು ಗುಂಡಿ ಇದೆ. ಒಂದೇ ಪತ್ರದಲ್ಲಿ ಕನ್ನಡ ನುಡಿಯಲ್ಲಿ, ಪ್ಯಾನ್ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೋಡ್ ಟೈಮ್ಸ್ ನ್ಯೂ ರೋಮನ್‌ನಲ್ಲಿ ಇರುತ್ತವೆ. ಪಠ್ಯವನ್ನೆಲ್ಲ ಸಾರಾಸಗಟು ಕಾಪಿ ಮಾಡಿ ಪರಿವರ್ತಕಕ್ಕೆ ಹಾಕಿದರೆ ಇಂಗ್ಲಿಷ್ ಅಕ್ಷರಗಳೂ ‘ಕನ್ನಡ’ ಆಗಿಬಿಡುತ್ತವೆ. ಪ್ಯಾನ್ ಸಂಖ್ಯೆಯ ಜಾಗದಲ್ಲಿ ಅರ್ಥವಿಲ್ಲದ ಒತ್ತಕ್ಷರಗಳ ಸಾಲು. ಆದ್ದರಿಂದ ಪರಿವರ್ತನೆ ಫಾಂಟ್ ನೋಡಿ ಆಗಬೇಕು: ಈ ತುಣುಕು ನುಡಿಯಲ್ಲಿದೆಯಾ, ಬದಲಿಸು, ಇಲ್ಲವಾ, ಮುಟ್ಟಬೇಡ. ಅಂಕಿಗಳಲ್ಲೂ ಇದೇ ಗೋಳು. ‘ನುಡಿ 01 ಇ’ ಫಾಂಟಿನಲ್ಲಿ 5 ಎಂದು ಕಾಣುವುದು ‘ನುಡಿ 01 ಕೆ’ ಫಾಂಟಿನಲ್ಲಿ ೫ ಎಂದು ಕಾಣುತ್ತದೆ, ಒಳಗಿನ ಸಂಕೇತ ಒಂದೇ. ಸಾಲದ ಮೊತ್ತಗಳು ಕಡತದಿಂದ ಕಡತಕ್ಕೆ ಬೇರೆ ಬೇರೆ ಅಂಕಿಯಲ್ಲಿ ಬಂದರೆ ಎಕ್ಸೆಲ್‌ನಲ್ಲಿ ಕೂಡಲು ಆಗುವುದಿಲ್ಲ. ಎಲ್ಲವನ್ನೂ ಸಾಮಾನ್ಯ ಅಂಕಿಗೆ ತರುವುದು ಎಂದು ಮೊದಲೇ ತೀರ್ಮಾನಿಸಿಕೊಂಡೆವು.

ಡಾಕ್ಸ್ ಕಡತ, ಅಂದರೆ ವರ್ಡಿನ ಈಗಿನ ರೂಪದ ಕಡತ, ಒಳಗೆ ಎಕ್ಸ್‌ಎಂಎಲ್ ಇರುವ ಜಿಪ್ ಪೊಟ್ಟಣ ಅಷ್ಟೇ. ಪ್ರತಿ ತುಣುಕಿನ ಫಾಂಟ್ ಹೆಸರು ಅದರ ಪಕ್ಕ, ಇಲ್ಲವೇ ಅದರ ಸ್ಟೈಲಿನ ವಿವರದಲ್ಲಿ ಬರೆದಿರುತ್ತದೆ. ಸಣ್ಣ ಪೈಥಾನ್ ಸ್ಕ್ರಿಪ್ಟ್ ಅದನ್ನು ಓದಿ, ನುಡಿ ತುಣುಕುಗಳನ್ನು ಮಾತ್ರ ಬದಲಿಸಿ, ಫಾಂಟ್ ಹೆಸರನ್ನೂ ಬದಲಿಸಿ ಉಳಿಸುತ್ತದೆ. ಹಳೆಯ ಡಾಕ್ ಕಡತಗಳನ್ನು ಮೊದಲು ಲಿಬ್ರೆ ಆಫೀಸ್ ಎಂಬ ಮುಕ್ತ ತಂತ್ರಾಂಶದ ಮೂಲಕ ಡಾಕ್ಸ್ ಮಾಡಿಕೊಂಡರೆ ಆಯಿತು. ಈ ಕೆಲಸದ ಬಗ್ಗೆ ಆ ಎರಡೂ ಕೊಟೇಶನ್‌ಗಳಲ್ಲಿ ಏನೂ ಇರಲಿಲ್ಲ. ಕೇಳಿದಾಗ ಒಬ್ಬರು ‘ಕನ್ನಡ ಸಪೋರ್ಟ್ ಇದೆ ಸಾರ್’ ಅಂದರು. ಇತ್ತು, ಯೂನಿಕೋಡ್ ಕನ್ನಡಕ್ಕೆ.

ಲಕ್ಷ ಪುಟದ ಲೆಕ್ಕ

ಸ್ಕ್ಯಾನ್ ಮಾಡಿದ ಕಾಗದದ ವಿಷಯದಲ್ಲಿ ಮಾತ್ರ ಕ್ಲೌಡಿನ ವಾದ ಗಟ್ಟಿ. ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್ ಕೆಲಸ ಇದು.

ಮೊದಲೇ ಒಂದು ಸೋಸುವಿಕೆ ಬೇಕಾಯಿತು. ಹೆಸರಾಂತ ಕ್ಲೌಡ್ ಎಂದ ಮಾತ್ರಕ್ಕೆ ಕನ್ನಡ ಓದುತ್ತದೆ ಎಂದಲ್ಲ. ಅಮೆಜಾನ್‌ನ ಟೆಕ್ಸ್ಟ್ರ್ಯಾಕ್ಟ್ ಇಂಗ್ಲಿಷ್ ಮತ್ತು ಕೆಲವು ಯುರೋಪಿಯನ್ ಭಾಷೆಗಳನ್ನು ಓದುತ್ತದೆ, ಕನ್ನಡ ಆ ಪಟ್ಟಿಯಲ್ಲಿಲ್ಲ. ಗೂಗಲ್‌ನ ವಿಷನ್ ಸೇವೆ ಕನ್ನಡ ಓದುತ್ತದೆ. ತಿಂಗಳಿಗೆ ಮೊದಲ 1,000 ಪುಟ ಉಚಿತ, ಆಮೇಲೆ ಸಾವಿರಕ್ಕೆ ಒಂದೂವರೆ ಡಾಲರ್. ಅಂದರೆ ಲಕ್ಷ ಪುಟಕ್ಕೆ 150 ಡಾಲರ್ ಹತ್ತಿರ. ಒಂದು ಸಾಧಾರಣ ಡೆಸ್ಕ್‌ಟಾಪ್ ಮತ್ತು ಯುಪಿಎಸ್‌ಗೆ ಇದರ ಮೂರ್ನಾಲ್ಕು ಪಟ್ಟು ಬೇಕು. ‘ಸ್ವಂತ ಮೆಷಿನ್ ಹಾಕಿದರೆ ದುಡ್ಡು ಉಳಿಯುತ್ತದೆ’ ಎನ್ನುವವರು ಈ ಲೆಕ್ಕ ಮಾಡಿಲ್ಲ ಅಂತಲೇ ಅರ್ಥ. ಒಂದು ಬಾರಿಯ ದೊಡ್ಡ ರಾಶಿಗೆ ಕ್ಲೌಡ್ ಅಗ್ಗ, ಅದರಲ್ಲಿ ಎರಡು ಮಾತಿಲ್ಲ.

ಸಮಯದ ಲೆಕ್ಕ ಹೀಗೆ. ಎ4 ಪುಟವನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಸ್ಕ್ಯಾನ್ ಮಾಡಿದರೆ 2,480 ಅಡ್ಡ, 3,508 ಉದ್ದ ಪಿಕ್ಸೆಲ್. ಜೆಪಿಜಿ ಮಾಡಿದರೆ ಪುಟಕ್ಕೆ ಸುಮಾರು 1 ಎಂಬಿ ಎಂದಿಟ್ಟುಕೊಳ್ಳಿ. ಲಕ್ಷ ಪುಟ ಅಂದರೆ 100 ಜಿಬಿ. 10 ಎಂಬಿಪಿಎಸ್ ಅಪ್‌ಲೋಡ್ ವೇಗದಲ್ಲಿ ಎಡೆಬಿಡದೆ ಹೋದರೂ 22 ಗಂಟೆಗೆ ಮೇಲೆ. ಸ್ವಂತ ಮೆಷಿನ್ನಿನಲ್ಲಿ ಟೆಸೆರಾಕ್ಟ್ ಎಂಬ ಮುಕ್ತ ಓಸಿಆರ್ ತಂತ್ರಾಂಶ ಪ್ರೊಸೆಸರಿನ ಒಂದು ಕೋರಿನಲ್ಲಿ ಪುಟಕ್ಕೆ ಆರು ಸೆಕೆಂಡ್ ತಗೊಂಡರೆ ಲಕ್ಷ ಪುಟಕ್ಕೆ ಏಳು ದಿನ ಹಿಡಿಯುತ್ತದೆ, ನಾಲ್ಕು ಕೋರಿನಲ್ಲಿ ಎರಡು ದಿನದೊಳಗೆ. ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಸ್ಕ್ಯಾನರಿನ ಮುಂದೆ ಕೂತು ಪಿನ್ನು ಕೀಳುವ, ಮಡಿಕೆ ಬಿಡಿಸುವ ಕೆಲಸದ ಮುಂದೆ ಎರಡೂ ಏನೂ ಅಲ್ಲ.

ಇನ್ನು ಗುಣಮಟ್ಟ. ಟೆಸೆರಾಕ್ಟ್ ಮೂಲತಃ ಎಚ್‌ಪಿ ಕಂಪನಿಯಲ್ಲಿ 1980ರ ದಶಕದಲ್ಲಿ ಹುಟ್ಟಿದ್ದು. 2005ರಲ್ಲಿ ಮುಕ್ತವಾಯಿತು, ಆಮೇಲೆ ಗೂಗಲ್ ಬೆಳೆಸಿತು. 2018ರ ನಾಲ್ಕನೇ ಆವೃತ್ತಿಯಿಂದ ನ್ಯೂರಲ್ ನೆಟ್‌ವರ್ಕ್ ಬಂದ ಮೇಲೆ ಕನ್ನಡದಲ್ಲೂ ಬಳಸಬಹುದಾದ ಮಟ್ಟಕ್ಕೆ ಬಂತು. ಲೇಸರ್ ಪ್ರಿಂಟಿನ ಮಂಜೂರಾತಿ ಪತ್ರಗಳನ್ನು ಚೆನ್ನಾಗಿ ಓದಿತು. ಮಾಸಿದ ಡಾಟ್ ಮ್ಯಾಟ್ರಿಕ್ಸ್ ಪ್ರತಿಗಳಲ್ಲಿ, ಜೆರಾಕ್ಸಿನ ಜೆರಾಕ್ಸುಗಳಲ್ಲಿ ಎಡವಿತು. ಥ ಮತ್ತು ಧ, ಪ ಮತ್ತು ವ ಅದಲುಬದಲು. ಸೊನ್ನೆ ಮತ್ತು ಅನುಸ್ವಾರ ಗೊಂದಲ. ಅದೇ ಪುಟಗಳ ಮಾದರಿಗಳನ್ನು, ಹೆಸರು ವಿಳಾಸ ಅಳಿಸಿ, ಗೂಗಲ್‌ಗೆ ಕೊಟ್ಟು ನೋಡಿದಾಗ ಅದು ಎದ್ದು ಕಾಣುವಷ್ಟು ಚೆನ್ನಾಗಿ ಓದಿತು. ಕೆಟ್ಟ ಮುದ್ರಣದ ಕನ್ನಡಕ್ಕೆ ಕ್ಲೌಡ್ ಮುಂದಿದೆ. ಇಷ್ಟು ಒಪ್ಪಿಕೊಂಡೇ ಮುಂದಿನ ಮಾತು.

ಮುಂದಿನ ಮಾತು ಅಂದರೆ, ಸಾಲದ ಕಡತವನ್ನು ಹುಡುಕುವುದು ಯಾವುದರಿಂದ? ಸದಸ್ಯ ಸಂಖ್ಯೆ, ಸಾಲದ ಸಂಖ್ಯೆ, ಹೆಸರು, ಊರು. ಒಳಗಿನ ಪ್ರತಿ ವಾಕ್ಯ ತಪ್ಪಿಲ್ಲದೆ ಬೇಕಾಗಿಲ್ಲ. ಈ ನಾಲ್ಕು ಸರಿ ಇದ್ದರೆ ಮೂಲ ಚಿತ್ರ ಕಣ್ಣ ಮುಂದೆ ಬರುತ್ತದೆ, ಉಳಿದದ್ದನ್ನು ಮನುಷ್ಯ ಓದುತ್ತಾನೆ. ಈ ನಾಲ್ಕನ್ನು ಸ್ಕ್ಯಾನ್ ಮಾಡುವಾಗಲೇ ಗುಮಾಸ್ತರು ಟೈಪ್ ಮಾಡುವುದು ಎಂದಾಯಿತು. ಅಲ್ಲಿಗೆ ಓಸಿಆರ್ ಗುಣಮಟ್ಟದ ಜಗಳದ ಬಿಸಿ ಅರ್ಧ ಇಳಿಯಿತು.

ಕಾನೂನಿನ ಪುಟ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಕಾಲಾವಕಾಶ. ಮಂಡಳಿಯಲ್ಲಿ ಕೆಲವರು ‘ಡೇಟಾ ದೇಶದ ಹೊರಗೆ ಹೋದರೆ ಅಪರಾಧ’ ಎಂದುಕೊಂಡಿದ್ದರು. ಕಾಯ್ದೆ ಹಾಗೆ ಹೇಳುವುದಿಲ್ಲ. ಕೇಂದ್ರ ಸರ್ಕಾರ ನಿರ್ಬಂಧಿಸಿದ ದೇಶಗಳಿಗೆ ಮಾತ್ರ ಕಳಿಸಬಾರದು ಎನ್ನುತ್ತದೆ. ಅದೂ ಅಲ್ಲದೆ ದೊಡ್ಡ ಕ್ಲೌಡ್ ಕಂಪನಿಗಳಿಗೆ ಮುಂಬೈಯಲ್ಲೇ ಡೇಟಾ ಕೇಂದ್ರಗಳಿವೆ.

ಚುರುಕು ಮುಟ್ಟಿಸುವ ಅಂಶ ಬೇರೆ. ಕೆಲಸವನ್ನು ಯಾರಿಗೆ ಒಪ್ಪಿಸಿದರೂ ಹೊಣೆ ಸಂಘದ್ದೇ. ಪರಿವರ್ತನೆ ಮಾಡಿಕೊಟ್ಟ ಕಂಪನಿಯಿಂದ ಸೋರಿದರೂ ಉತ್ತರ ಕೊಡಬೇಕಾದವರು ಸಂಘದವರು. ಸುರಕ್ಷತಾ ಕ್ರಮ ತೆಗೆದುಕೊಳ್ಳದಿದ್ದರೆ ದಂಡದ ಮಿತಿ 250 ಕೋಟಿ ರೂಪಾಯಿವರೆಗೆ. ಸಣ್ಣ ಸಂಘಕ್ಕೆ ಅಷ್ಟು ಹಾಕುವುದಿಲ್ಲ ಅಂತ ಇಟ್ಟುಕೊಂಡರೂ, ಆ ಅಂಕಿ ಕೇಳಿ ಅಗ್ಗದ ಪಕ್ಷದವರು ಸುಮ್ಮನಾದರು. ಸ್ವಂತ ಮೆಷಿನ್ ಇದ್ದರೂ ಇದೇ ಹೊಣೆ ಇದೆ ಅಂತ ಹೇಳಿದ್ದಕ್ಕೆ ಇನ್ನೊಂದು ಪಕ್ಷದವರೂ ಸುಮ್ಮನಾದರು.

ಕೊನೆಗೆ ಹಾಕಿದ್ದು

ಎರಡೂ ಕೊಟೇಶನ್ ವಾಪಸ್ ಹೋದವು. ಅಸ್ಪೋಸ್ ಥರದ ಕಂಪನಿಗಳು ಪರಿವರ್ತನೆಯ ತಂತ್ರಾಂಶವನ್ನು ಕ್ಲೌಡಿನಲ್ಲೂ, ನಮ್ಮ ಸರ್ವರಿಗೆ ಹಾಕುವ ರೂಪದಲ್ಲೂ ಮಾರುತ್ತವೆ. ಬ್ಯಾಂಕಿನಂಥ ದೊಡ್ಡವರಿಗೆ ಅದು ಸರಿ. ಈ ಸಂಘದ ಅಳತೆಗೆ ಮುಕ್ತ ತಂತ್ರಾಂಶ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಪ್ರಧಾನ ಕಚೇರಿಯಲ್ಲಿ ನಾಲ್ಕು ಕೋರಿನ ಒಂದು ಲಿನಕ್ಸ್ ಡೆಸ್ಕ್‌ಟಾಪ್, ಯುಪಿಎಸ್, ಎರಡು ಹಾರ್ಡ್ ಡಿಸ್ಕ್. ವರ್ಡ್‌ನಿಂದ ಪಿಡಿಎಫ್‌ಗೆ ಲಿಬ್ರೆ ಆಫೀಸ್, ಪರದೆ ಇಲ್ಲದೆ ಹಿನ್ನೆಲೆಯಲ್ಲಿ ಓಡುವ ರೂಪದಲ್ಲಿ. ಸ್ಕ್ಯಾನ್‌ಗಳಿಗೆ ಓಸಿಆರ್‌ಮೈಪಿಡಿಎಫ್. ಅದು ಟೆಸೆರಾಕ್ಟನ್ನು ಬಳಸಿ, ಚಿತ್ರದ ಹಿಂದೆ ಹುಡುಕಬಹುದಾದ ಪಠ್ಯದ ಪದರ ಹಾಕಿ, ಪಿಡಿಎಫ್/ಎ ರೂಪದಲ್ಲಿ ಕೊಡುತ್ತದೆ. ದೀರ್ಘಕಾಲ ಇಡುವ ಕಡತಗಳಿಗೆಂದೇ 2005ರಲ್ಲಿ ಬಂದ ಐಎಸ್ಒ ಮಾನಕ ಅದು. ಫಾಂಟ್ ಕಡತದೊಳಗೇ ಇರಬೇಕು ಎನ್ನುವುದು ಅದರ ನಿಯಮ. ನುಡಿ ಕಾಲದ ಅನುಭವ ಇರುವವರಿಗೆ ಇದರ ಬೆಲೆ ಬೇರೆ ಹೇಳಬೇಕಾಗಿಲ್ಲ.

ಮೂಲ ವರ್ಡ್ ಕಡತ ಕಳೆದುಹೋಗಿ, ನುಡಿಯಲ್ಲಿ ಮಾಡಿದ ಪಿಡಿಎಫ್ ಮಾತ್ರ ಉಳಿದಿರುವ ನಡಾವಳಿಗಳೂ ಇದ್ದವು. ಅವುಗಳಲ್ಲಿ ಪಠ್ಯದ ಪದರ ಇದೆ, ಆದರೆ ಅದು ಯುರೋಪಿನ ಅಕ್ಷರಗಳ ಕಲಸು. ಓಸಿಆರ್ ತಂತ್ರಾಂಶ ‘ಪಠ್ಯ ಆಗಲೇ ಇದೆ’ ಎಂದು ಕೆಲಸ ನಿಲ್ಲಿಸಿಬಿಡುತ್ತದೆ. ಇವಕ್ಕೆ ಬಲವಂತದ ಓಸಿಆರ್ ಆಯ್ಕೆ ಹಾಕಿ, ಪುಟವನ್ನು ಮತ್ತೆ ಚಿತ್ರ ಮಾಡಿ ಓದಿಸಬೇಕು.

ಶಾಖೆಗಳಿಗೆ ಇದೆಲ್ಲ ಕಾಣುವುದಿಲ್ಲ. ಅವರಿಗೆ ಕಾಣುವುದು ವಿಪಿಎನ್ (ಕಚೇರಿಗೆ ಸುರಕ್ಷಿತ ಖಾಸಗಿ ಸಂಪರ್ಕ) ಮೂಲಕ ತೆರೆಯುವ ಮೂರು ಫೋಲ್ಡರ್: ‘ಪಿಡಿಎಫ್ ಮಾಡು’, ‘ಯೂನಿಕೋಡ್ ಮಾಡು’, ‘ಸ್ಕ್ಯಾನ್ ಓದು’. ಕಡತ ಹಾಕಿದರೆ ಪಕ್ಕದ ಫೋಲ್ಡರಿನಲ್ಲಿ ಫಲಿತಾಂಶ ಬರುತ್ತದೆ. ಉಚಿತ ಸೈಟುಗಳನ್ನು ಬ್ಲಾಕ್ ಮಾಡಿದ್ದು ಇದು ಸಲೀಸಾಗಿ ಓಡಲು ಶುರುವಾದ ಮೇಲೆ. ಮೊದಲೇ ಮಾಡಿದ್ದರೆ ಎಲ್ಲರೂ ತಮ್ಮ ಫೋನಿನಲ್ಲಿ ಅದೇ ಕೆಲಸ ಮಾಡುತ್ತಿದ್ದರು. ಆಧಾರ್ ಪ್ರತಿಯನ್ನು ಹೊಸದಾಗಿ ತೆಗೆದುಕೊಳ್ಳುವಾಗ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಕೇಳುವ ಪದ್ಧತಿಯೂ ಇದರ ಜೊತೆಗೇ ಬಂತು.

ಕ್ಲೌಡನ್ನು ಪೂರ್ತಿ ಬಿಡಲಿಲ್ಲ. ಹಳೆಯ ಮುದ್ರಿತ ವಾರ್ಷಿಕ ವರದಿಗಳು, ಮಹಾಸಭೆಯ ನೋಟಿಸುಗಳು, ಬೈಲಾ ಪುಸ್ತಕ, ಇವು ಸದಸ್ಯರಿಗೆಲ್ಲ ಹಂಚಿದ್ದವು. ವೈಯಕ್ತಿಕ ವಿವರ ಇಲ್ಲದ ಪುಟಗಳನ್ನು ಆರಿಸಿ, ಸಂಘದ ಹೆಸರಿನಲ್ಲೇ ತೆರೆದ ಖಾತೆಯಿಂದ ಗೂಗಲ್ ವಿಷನ್‌ಗೆ ಕೊಡುತ್ತಾರೆ. ಹೆಚ್ಚಿನ ತಿಂಗಳು ಅದು ಉಚಿತ ಮಿತಿಯೊಳಗೇ ಮುಗಿಯುತ್ತದೆ. ಯಾವ ಪುಟ ಹೊರಗೆ ಹೋಗಬಹುದು ಎಂದು ನಿರ್ಧರಿಸುವವರು ಕಾರ್ಯದರ್ಶಿ, ಗುಮಾಸ್ತರಲ್ಲ.

ಸ್ವಂತ ಮೆಷಿನ್ನಿನ ಕಿರಿಕಿರಿ

ಲಿಬ್ರೆ ಆಫೀಸ್ ಒಂದೇ ಬಳಕೆದಾರ ಪ್ರೊಫೈಲಿನಲ್ಲಿ ಒಟ್ಟಿಗೆ ಎರಡು ಕೆಲಸ ಓಡಿಸುವುದಿಲ್ಲ. ಎರಡು ಶಾಖೆಯವರು ಒಂದೇ ಕ್ಷಣ ಕಡತ ಹಾಕಿದರೆ ಒಂದು ಸದ್ದಿಲ್ಲದೆ ಬಿದ್ದುಹೋಗುತ್ತಿತ್ತು. ಸರತಿ ಸಾಲು ಮಾಡಿ ಒಂದಾದ ಮೇಲೊಂದು ಹೋಗುವ ಹಾಗೆ ಮಾಡಬೇಕಾಯಿತು. ಕರೆಂಟು ಹೋಗಿ ಯುಪಿಎಸ್ಸೂ ಮುಗಿದಾಗ ಓಸಿಆರ್ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದುವರಿಯಲು, ಮುಗಿದ ಕಡತಗಳ ಪಟ್ಟಿ ಇಡುವ ಸ್ಕ್ರಿಪ್ಟ್ ಬೇಕಾಯಿತು. ಕ್ಲೌಡಿನವರು ಇದನ್ನೆಲ್ಲ ಅವರೇ ನೋಡಿಕೊಳ್ಳುತ್ತಾರೆ. ಪುಟದ ದುಡ್ಡಿನಲ್ಲಿ ಒಂದು ಪಾಲು ಅದಕ್ಕೇ.

ಅಪ್‌ಡೇಟ್ ಇನ್ನೂ ದೊಡ್ಡ ವಿಷಯ. ಓಸಿಆರ್‌ಮೈಪಿಡಿಎಫ್ ಒಳಗೆ ಬಳಸುವ, ಪಿಡಿಎಫ್ ಸಂಸ್ಕರಿಸುವ ಗೋಸ್ಟ್‌ಸ್ಕ್ರಿಪ್ಟ್‌ನಲ್ಲಿ 2024ರಲ್ಲಿ ಒಂದು ಗಂಭೀರ ಭದ್ರತಾ ದೋಷ ಬಯಲಾಯಿತು. ಬೇಕೆಂದೇ ತಯಾರಿಸಿದ ಕಡತ ತೆರೆದರೆ ಮೆಷಿನ್ನಿನಲ್ಲಿ ಬೇರೆಯವರ ಆಜ್ಞೆ ಓಡಬಹುದಾಗಿತ್ತು. ಸಂಘಕ್ಕೆ ಬರುವ ಕಡತಗಳು ಹೊರಗಿನವರವು ಎಂಬುದನ್ನು ಮರೆಯುವ ಹಾಗಿಲ್ಲ. ಆದ್ದರಿಂದ ಪರಿವರ್ತನೆಯ ಮೆಷಿನ್ ಲೆಡ್ಜರ್ ಸಾಫ್ಟ್‌ವೇರ್ ಇರುವ ಮೆಷಿನ್ನಿಗೆ ಸಂಪರ್ಕವಿಲ್ಲದ ಹಾಗೆ ಬೇರೆ ಇದೆ, ಭದ್ರತಾ ಅಪ್‌ಡೇಟುಗಳು ತಾವಾಗಿ ಇಳಿಯುತ್ತವೆ. ಇದನ್ನು ನೋಡಿಕೊಳ್ಳಲು ಒಬ್ಬರಿಗೆ ವಾರ್ಷಿಕ ಒಪ್ಪಂದ ಬೇಕು. ಯಾರೂ ಸಿಗದ ಊರಾದರೆ ನಾನು ಕ್ಲೌಡನ್ನೇ ಹೇಳುತ್ತಿದ್ದೆ, ನುಡಿ ಪರಿವರ್ತನೆಯೊಂದನ್ನು ಬಿಟ್ಟು.

ನುಡಿ ಕೀಬೋರ್ಡಿಗೆ ಕೈ ಕೂತಿರುವ ಹಿರಿಯ ಟೈಪಿಸ್ಟ್ ಬದಲಾವಣೆಗೆ ಒಪ್ಪುವುದಿಲ್ಲ ಎಂದು ಎಲ್ಲರೂ ಹೆದರಿದ್ದರು. ಹೊಸ ನುಡಿಯಲ್ಲಿ ಕೀಲಿ ವಿನ್ಯಾಸ ಅದೇ ಇದ್ದು ಹೊರಬರುವುದು ಯೂನಿಕೋಡ್ ಎಂದು ತೋರಿಸಿದ ಮೇಲೆ ಆ ಮಾತು ಅಲ್ಲಿಗೇ ಮುಗಿಯಿತು. ಹೊಸ ನಡಾವಳಿಗಳು ಈಗ ನೇರ ಯೂನಿಕೋಡಿನಲ್ಲೇ ಬರುತ್ತಿವೆ. ‘ಯೂನಿಕೋಡ್ ಮಾಡು’ ಫೋಲ್ಡರಿಗೆ ಬೀಳುವ ಕಡತಗಳು ಕಮ್ಮಿ ಆಗುತ್ತಿವೆ.

ಉಳಿದಿರುವುದು ಕೈಬರಹದ ಪುಸ್ತಕಗಳು, ಸಂಘದ ಮೊದಲ ವರ್ಷಗಳ ಲೆಡ್ಜರ್ ಮತ್ತು ನಡಾವಳಿ. ಟೆಸೆರಾಕ್ಟ್ ಕೈಬರಹಕ್ಕೆ ಆಗಿಬರುವ ತಂತ್ರಾಂಶವೇ ಅಲ್ಲ. ಕ್ಲೌಡಿಗೆ ಕೊಡುವ ಹಾಗೂ ಇಲ್ಲ, ಪುಟಪುಟದಲ್ಲೂ ಜನರ ಹೆಸರು, ಸಾಲ, ಹೆಬ್ಬೆಟ್ಟು. ಅವನ್ನು ಚಿತ್ರವಾಗಿ ಮಾತ್ರ ಸ್ಕ್ಯಾನ್ ಮಾಡಿ, ಕಡತದ ಹೆಸರಿನಲ್ಲಿ ವರ್ಷ ಮತ್ತು ಪುಟ ಸಂಖ್ಯೆ ಹಾಕಿ, ಪಿಡಿಎಫ್/ಎ ಮಾಡಿ ಇಡುವುದು ಎಂದು ತೀರ್ಮಾನವಾಗಿದೆ. ತಿಪಟೂರು ಶಾಖೆಯ ಪುಸ್ತಕಗಳು ಇನ್ನೂ ಬರಬೇಕು.